ಬೇರೆಯವರ ಬಾಳಿಗೆ ನಮ್ಮ ಮತ



2023ರ ಮೇ 10ರಂದು ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಕ್ಷೇತ್ರಗಳ ಮತದಾರರಾದ ನೀವು ವಿಧಾನಸಭೆಗೆ ಮತ ಹಾಕಿ ಬಂದಿರಿ. ಮರುದಿನ, ಮೇ 11ರಂದು, ದಿಲ್ಲಿಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹತ್ತು ದಿನಗಳ ಒಂದು ವಿಚಾರಣೆಯನ್ನು ಮುಗಿಸಿ ತೀರ್ಪನ್ನು ಕಾಯ್ದಿರಿಸಿತು. ಗಂಡು ಗಂಡಿನ ಜೊತೆ, ಹೆಣ್ಣು ಹೆಣ್ಣಿನ ಜೊತೆ ಕೂಡಿ ಬಾಳುವವರಿಗೆ ಮದುವೆಯ ಹಕ್ಕು ಉಂಟೇ ಎಂಬುದು ಆ ಮೊಕದ್ದಮೆ. ಒಂದು ದಿನದ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳಿಗೆ ಸಂಬಂಧವೇ ಇಲ್ಲವೆಂದು ಅಂದು ಎಲ್ಲರಿಗೂ ತೋರಿರಬಹುದು. ಐದು ತಿಂಗಳ ನಂತರ ತೀರ್ಪು ಬಂತು. ಸಂಬಂಧ ಬಹಳ ಹತ್ತಿರದ್ದು ಎಂಬುದು ಆಗ ಗೊತ್ತಾಯಿತು.

ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಎಂಬ ಜೋಡಿ ಮೊದಲಾಗಿ ಹಲವರು ಸಲ್ಲಿಸಿದ್ದ ಅರ್ಜಿಗಳ ತೀರ್ಪು ಅದು. 2023ರ ಅಕ್ಟೋಬರ್ 17ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಸಂಜಯ್ ಕಿಶನ್ ಕೌಲ್, ಮೈಸೂರಿನಲ್ಲಿ ಹುಟ್ಟಿದ ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ ಅವರಿದ್ದ ಪೀಠ ಅದನ್ನು ಓದಿತು. ಮದುವೆ ಎಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಿ ಬರೆಯಲಾಗದು ಎಂದು ಐವರೂ ಒಪ್ಪಿದರು. ಮದುವೆ ಬೇಡ, ಕೂಡಿ ಬಾಳುವ ಸಂಬಂಧಕ್ಕಾದರೂ ಕಾಯ್ದೆಯ ಮನ್ನಣೆ ಕೊಡಬೇಕೆಂದು ಇಬ್ಬರು ಹೇಳಿದರು. ಮೂವರು ಅದನ್ನೂ ಒಪ್ಪಲಿಲ್ಲ. ಆದರೆ ಈ ಜನರಿಗೆ ಅನ್ಯಾಯವಾಗುತ್ತಿದೆ, ಅವರನ್ನು ಹಿಂಸಿಸಬಾರದು, ಕೂಡಿ ಬಾಳುವ ಅವರ ಆಯ್ಕೆಗೆ ಅಡ್ಡ ಬರಬಾರದು ಎಂಬುದರಲ್ಲಿ ಐವರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಮನ್ನಣೆ ಕೊಡುವ ಕೆಲಸ ಶಾಸನಸಭೆಗಳದು ಎಂದು ನ್ಯಾಯಾಲಯ ತೀರ್ಮಾನಿಸಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಶಾಸನಸಭೆಗಳದು ಅಂದರೆ ಅಲ್ಲಿಗೆ ಪ್ರತಿನಿಧಿಗಳನ್ನು ಕಳಿಸುವ ನಿಮ್ಮದು ಮತ್ತು ನನ್ನದು. ಮೂಡಲಗಿಯ ರೈತ, ಗೋಕಾಕದ ಮಿಲ್ ಕಾರ್ಮಿಕ, ಹುಕ್ಕೇರಿಯ ಶಾಲೆ ಮಾಸ್ತರ, ಸಂಕೇಶ್ವರದ ಅಂಗಡಿಕಾರ ಇವರೆಲ್ಲರ ಕೈಗೆ ಈ ಪ್ರಶ್ನೆ ಬಂದಿದೆ. ಆದ್ದರಿಂದಲೇ ಇದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಮನ್ನಣೆ ಅಂದರೆ ಏನು ಎಂದು ನೋಡೋಣ. ಮಾತು ಬಂದಕೂಡಲೇ ಹಂದರ, ಬಾಸಿಂಗ, ಅಕ್ಕಿಕಾಳು ಕಣ್ಣ ಮುಂದೆ ಬರುತ್ತವೆ. ಆದರೆ ಕಾಯ್ದೆಯ ಮನ್ನಣೆ ಬೇಕಾಗುವುದು ಸುಖದ ದಿನಕ್ಕಲ್ಲ, ಕಷ್ಟದ ದಿನಕ್ಕೆ. ಇಬ್ಬರು ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ್ದಾರೆ, ಒಬ್ಬರ ದುಡಿಮೆಯಲ್ಲಿ ಇನ್ನೊಬ್ಬರು ಉಂಡಿದ್ದಾರೆ ಎಂದುಕೊಳ್ಳಿ. ಒಬ್ಬಾಕೆಗೆ ಹೃದಯಾಘಾತವಾಗಿ ಬೆಳಗಾವಿಯ ಆಸ್ಪತ್ರೆಗೆ ಒಯ್ಯುತ್ತಾರೆ. ಆಪರೇಶನ್ನಿನ ಕಾಗದಕ್ಕೆ ಸಹಿ ಮಾಡಲು ಇನ್ನೊಬ್ಬಾಕೆ ಮುಂದೆ ಬಂದರೆ "ನೀವು ಪೇಶಂಟಿಗೆ ಏನಾಗಬೇಕ್ರಿ?" ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ನಮ್ಮ ಕಾಯ್ದೆಯಲ್ಲಿ ಉತ್ತರವಿಲ್ಲ. ಆಕೆ ತೀರಿಕೊಂಡರೆ ಹೊಲದ ಉತಾರದಲ್ಲಿ ವಾರಸಾ ಆಗುವಾಗ ಸಂಗಾತಿಯ ಹೆಸರು ಏರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪಟ್ಟಿಯಲ್ಲಿ ಹತ್ತಾರು ಬಂಧುಗಳಿದ್ದಾರೆ, ಆದರೆ ಇಪ್ಪತ್ತು ವರ್ಷ ಜೊತೆಗಿದ್ದವಳು ಇಲ್ಲ. ಹತ್ತು ವರ್ಷದಿಂದ ಮಾತೇ ಆಡಿಸದ ದಾಯಾದಿ ಬಂದು ಮನೆಗೆ ಬೀಗ ಹಾಕಬಹುದು. ಗಂಡ ಸತ್ತ ಹೆಂಡತಿಗೆ ಸಿಗುವ ಕುಟುಂಬ ಪಿಂಚಣಿಯೂ ಆಕೆಗೆ ಇಲ್ಲ.

ಇದರಲ್ಲಿ ಸ್ವಲ್ಪ ಬದಲಾವಣೆ ಆಗಿದೆ. ನ್ಯಾಯಾಲಯದ ಮುಂದೆ ಕೊಟ್ಟ ಮಾತಿನಂತೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಅದೇ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಮೂರು ಸೂಚನೆಗಳು ಹೊರಟವು. ಸಲಿಂಗ ಸಂಗಾತಿಗಳನ್ನು ಒಂದೇ ಪಡಿತರ ಚೀಟಿಯ ಮನೆಯವರೆಂದು ಪರಿಗಣಿಸಬೇಕು. ಅವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿ ಶವವನ್ನು ಪಡೆಯಬಹುದು. ಈ ಸಂಗತಿ ಇನ್ನೂ ಎಷ್ಟೋ ಮಂದಿಗೆ ಮುಟ್ಟಿಲ್ಲ. ಬಾನುಲಿಯ ಮೂಲಕವಾದರೂ ಮುಟ್ಟಲಿ ಎಂದು ಹೇಳುತ್ತಿದ್ದೇನೆ. ಬ್ಯಾಂಕಿನವರಾಗಲಿ, ಆಹಾರ ಇಲಾಖೆಯವರಾಗಲಿ ಇಂಥವರು ಬಂದಾಗ ತಿರುಗಿಸಿ ಕಳಿಸಬಾರದು. ಆದರೂ ಇವು ಸುತ್ತೋಲೆಗಳು, ಕಾಯ್ದೆಯಲ್ಲ. ಉತಾರಕ್ಕೆ, ಪಿಂಚಣಿಗೆ, ಆಸ್ಪತ್ರೆಯ ಸಹಿಗೆ ಕಾಯ್ದೆಯೇ ಬೇಕು.

ಇಂಥ ಕಾಯ್ದೆ ಬೇಕೋ ಬೇಡವೋ ಎಂದು ನೇರವಾಗಿ ಜನರ ಮತವನ್ನೇ ಕೇಳಿದ ದೇಶಗಳಿವೆ. ಅದಕ್ಕೆ ಜನಮತಗಣನೆ ಎನ್ನುತ್ತೇವೆ. ನಮ್ಮ ಸಂವಿಧಾನದಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಬೆಳಗಾವಿ ಜಿಲ್ಲೆಯವರಿಗೆ ಅದು ತೀರಾ ಅಪರಿಚಿತವೂ ಅಲ್ಲ. ನಮ್ಮ ಘಟ್ಟದ ಕೆಳಗಿನ ಗೋವೆಯಲ್ಲಿ 1967ರ ಜನವರಿ 16ರಂದು ಜನಾಭಿಪ್ರಾಯ ಕೇಳಲಾಯಿತು. ಮಹಾರಾಷ್ಟ್ರದಲ್ಲಿ ಸೇರಬೇಕು ಎನ್ನುವವರಿಗೆ ಹೂವಿನ ಗುರುತು, ಪ್ರತ್ಯೇಕವಾಗಿರಬೇಕು ಎನ್ನುವವರಿಗೆ ಎರಡು ಎಲೆಗಳ ಗುರುತು. ಎರಡೆಲೆಗೆ 1,72,191 ಮತ, ಹೂವಿಗೆ 1,38,170 ಮತ ಬಿದ್ದವು. ಗೋವೆ ಗೋವೆಯಾಗಿ ಉಳಿಯಿತು. ಅದು ಆ ನೆಲದ ಎಲ್ಲರಿಗೂ ಸೇರಿದ ಪ್ರಶ್ನೆ. ಎಲ್ಲರೂ ಮತ ಹಾಕಿದ್ದು ನ್ಯಾಯ. ಹುಕ್ಕೇರಿಯಲ್ಲಿ 1969ರಿಂದ ಇರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಸದಸ್ಯರು ಆಡಳಿತ ಮಂಡಳಿಗೆ ಮತ ಹಾಕುವುದೂ ಹಾಗೆಯೇ, ಕರೆಂಟು ಎಲ್ಲರ ಮನೆಯದು. ಆದರೆ ಪಕ್ಕದ ಮನೆಯ ಇಬ್ಬರ ಬಾಳು ಎಲ್ಲರಿಗೂ ಸೇರಿದ್ದೇ? ಅದಕ್ಕೆ ಊರೆಲ್ಲ ಮತ ಹಾಕಬಹುದೇ?

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಈ ಪ್ರಶ್ನೆ ನಿಜವಾಗಿ ಬಂತು. ಸಿಯಾಟಲ್ ನಗರವಿರುವ, ಮೈಕ್ರೋಸಾಫ್ಟ್ ಕಂಪನಿ ಇರುವ ರಾಜ್ಯ ಅದು. ನಮ್ಮ ಕನ್ನಡದ ಮಕ್ಕಳು ಅಲ್ಲಿಗೂ ದುಡಿಯಲು ಹೋಗಿದ್ದಾರೆ. 2006ರ ಡಿಸೆಂಬರ್‌ನಲ್ಲಿ ಅಲ್ಲಿ ದೊಡ್ಡ ಬಿರುಗಾಳಿ ಮಳೆ ಆಯಿತು. ಕೇಟ್ ಫ್ಲೆಮಿಂಗ್ ಎಂಬ ಹೆಣ್ಣುಮಗಳು ಪುಸ್ತಕಗಳನ್ನು ಧ್ವನಿಮುದ್ರಿಸುವ ವಾಚಕಿ, ನಮ್ಮ ಬಾನುಲಿಯವರಂತೆ ದನಿಯಿಂದಲೇ ಬದುಕಿದವಳು. ಮನೆಯ ನೆಲಮಾಳಿಗೆಯಲ್ಲಿ ಆಕೆಯ ಧ್ವನಿಮುದ್ರಣದ ಕೋಣೆ ಇತ್ತು. ಮಳೆಯ ನೀರು ನುಗ್ಗಿದಾಗ ಆಕೆ ಅಲ್ಲಿ ಸಿಕ್ಕಿಕೊಂಡಳು. ಸಂಗಾತಿ ಶಾರ್ಲೀನ್ ಸ್ಟ್ರಾಂಗ್ ಆಸ್ಪತ್ರೆಗೆ ಓಡಿದರೆ, ಬಂಧುಗಳ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ದೂರದ ಊರಿನಲ್ಲಿದ್ದ ಕೇಟಳ ಅಕ್ಕತಂಗಿಯರ ಪೈಕಿ ಒಬ್ಬರು ಫೋನಿನಲ್ಲಿ ಹೂಂ ಅಂದ ಮೇಲೆಯೇ ಶಾರ್ಲೀನ್ ತನ್ನವಳ ಕೊನೆಯ ಗಳಿಗೆಗೆ ಹತ್ತಿರ ನಿಲ್ಲಲು ಆದದ್ದು. ಆಕೆ ರಾಜ್ಯದ ಶಾಸನಸಭೆಯ ಮುಂದೆ ಹೋಗಿ ಇದನ್ನು ಹೇಳಿದಳು. 2007ರಲ್ಲಿ ಮೊದಲ ಕಾಯ್ದೆ ಬಂತು. ಅದು ಕೊಟ್ಟದ್ದು ಆಸ್ಪತ್ರೆಯೊಳಗೆ ಹೋಗುವ ಹಕ್ಕು, ಉಯಿಲು ಇಲ್ಲದಿದ್ದರೂ ವಾರಸಾ ಪಡೆಯುವ ಹಕ್ಕು, ಇಂಥ ಕೆಲವನ್ನು ಮಾತ್ರ. 2009ರಲ್ಲಿ ಮದುವೆ ಎಂಬ ಹೆಸರೊಂದನ್ನು ಬಿಟ್ಟು ರಾಜ್ಯದ ಕಾಯ್ದೆಯಲ್ಲಿ ಗಂಡಹೆಂಡಿರಿಗೆ ಇದ್ದ ಉಳಿದ ಹಕ್ಕುಗಳನ್ನೂ ಸೇರಿಸಿದರು. ವಿರೋಧಿಗಳು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಸಹಿ ಕೂಡಿಸಿ ಅದನ್ನು ಜನಮತಕ್ಕೆ ತಂದರು. 2009ರ ನವೆಂಬರ್ 3ರಂದು ಮತದಾನವಾಯಿತು. ಶೇಕಡಾ 53ರಷ್ಟು ಜನ ಕಾಯ್ದೆ ಇರಲಿ ಎಂದರು. ಮೂರು ವರ್ಷದ ನಂತರ, 2012ರಲ್ಲಿ, ಅದೇ ಜನ ಮದುವೆ ಎಂಬ ಹೆಸರನ್ನೂ ಮತ ಹಾಕಿಯೇ ಕೊಟ್ಟರು.

ಜನಮತ ಎಲ್ಲ ಕಡೆ ಹೀಗೆ ಒಲಿಯಲಿಲ್ಲ. ವಾಷಿಂಗ್ಟನ್ನಿನ 2009ರ ಮತದಾನದ ಹಿಂದಿನ ವರ್ಷ, 2008ರಲ್ಲಿ, ಅದೇ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ ಶೇಕಡಾ 52ರಷ್ಟು ಜನ ಇಂಥ ಮದುವೆಯನ್ನು ನಿಷೇಧಿಸಲು ಮತ ಹಾಕಿದರು. ಅದಕ್ಕೂ ಮುಂಚೆ ಕೆಲವೇ ತಿಂಗಳು ತೆರೆದಿದ್ದ ಬಾಗಿಲು ಮುಚ್ಚಿತು. ನ್ಯಾಯಾಲಯಗಳು 2013ರಲ್ಲಿ ಅದನ್ನು ಮತ್ತೆ ತೆರೆದವು. 2024ರಲ್ಲಿ ಅದೇ ರಾಜ್ಯದ ಶೇಕಡಾ 62ಕ್ಕೂ ಹೆಚ್ಚು ಜನ ಹಳೆಯ ನಿಷೇಧವನ್ನು ಸಂವಿಧಾನದಿಂದಲೇ ಕಿತ್ತು ಹಾಕಿದರು. ಜನ ಹದಿನಾರು ವರ್ಷದಲ್ಲಿ ಮನಸ್ಸು ಬದಲಿಸಿದರು, ಒಳ್ಳೆಯದೇ ಆಯಿತು. ಆದರೆ ನಡುವಿನ ವರ್ಷಗಳಲ್ಲಿ ಸಂಗಾತಿಯನ್ನು ಕಳೆದುಕೊಂಡು ಹಕ್ಕಿಲ್ಲದೆ ನಿಂತವರಿಗೆ ಆ ವರ್ಷಗಳನ್ನು ಯಾರು ತಿರುಗಿ ಕೊಡುತ್ತಾರೆ? ಬಹುಮತ ತಪ್ಪು ಮಾಡಿದಾಗ ಅದರ ದಂಡ ಕಟ್ಟುವವರು ಬಹುಮತದವರಲ್ಲ, ಬೆರಳೆಣಿಕೆಯ ಆ ಕೆಲವರು.

ನಮ್ಮ ನ್ಯಾಯಾಲಯವೂ ಈ ಎಣಿಕೆಯ ಹಾದಿ ಹಿಡಿದು ತಿರುಗಿ ಬಂದಿದೆ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ಉಳಿಸುವಾಗ, ಇವರ ಸಂಖ್ಯೆ ಬಹಳ ಸಣ್ಣದು ಎಂಬ ಕಾರಣವನ್ನೂ ಹೇಳಿತ್ತು. 2018ರ ಸೆಪ್ಟೆಂಬರ್ 6ರಂದು ಐವರ ಪೀಠ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಮೂಲಭೂತ ಹಕ್ಕಿಗೆ ತಲೆ ಎಣಿಸಬೇಕಾಗಿಲ್ಲ, ಒಬ್ಬನೇ ಇದ್ದರೂ ಹಕ್ಕು ಹಕ್ಕೇ ಎಂಬುದು ಅಂದಿನ ತೀರ್ಪಿನ ತಿರುಳು. ವಯಸ್ಕರಿಬ್ಬರ ಒಪ್ಪಿತ ಸಂಬಂಧ ಈಗ ಅಪರಾಧವಲ್ಲ.

ಸಂಖ್ಯೆಯಿಂದಲೇ ನ್ಯಾಯ ತೀರ್ಮಾನವಾಗಿದ್ದರೆ ನಮ್ಮ ಮನೆಗಳು ಹೇಗಿರುತ್ತಿದ್ದವು ನೋಡಿ. 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವೆಯರ ಮರುಮದುವೆಗೆ ಕಾಯ್ದೆ ಬೇಕೆಂದು ಸಲ್ಲಿಸಿದ ಮನವಿಗೆ ಬಿದ್ದ ಸಹಿಗಳು ಸಾವಿರದ ಒಳಗೆ. ಅದರ ವಿರುದ್ಧ ರಾಧಾಕಾಂತ ದೇವ್ ಮತ್ತು ಅವರ ಕಡೆಯವರು ಕೂಡಿಸಿದ ಸಹಿಗಳು ಮೂವತ್ತು ಸಾವಿರ ದಾಟಿದ್ದವು. ಸಹಿ ಎಣಿಸಿದ್ದರೆ 1856ರ ಕಾಯ್ದೆ ಬರುತ್ತಲೇ ಇರಲಿಲ್ಲ. ಹುಕ್ಕೇರಿಗೆ ಹತ್ತಿರದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ವಿಧವಾ ವಿವಾಹಕ್ಕೆ, 1919ರಲ್ಲಿ ಜಾತಿ ಮೀರಿದ ಮದುವೆಗೆ ತಮ್ಮ ಸಂಸ್ಥಾನದಲ್ಲಿ ಕಾಯ್ದೆಯ ಬಲ ಕೊಟ್ಟರು. ಊರೂರಿನಲ್ಲಿ ಮತ ಕೇಳಿದ್ದರೆ ಅವರಿಗೆ ಎಷ್ಟು ಕೈ ಏಳುತ್ತಿದ್ದವು? ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಅಂದಿನ ಅರಸೊತ್ತಿಗೆ ರಕ್ತದಲ್ಲಿ ಅಳಿಸಲು ಹೋಯಿತು ಎಂದು ಶರಣರ ಚರಿತ್ರೆ ಹೇಳುತ್ತದೆ. ಇಂದು ಆ ಮದುವೆಯನ್ನು ನಮ್ಮ ಮಠಗಳು ಹೆಮ್ಮೆಯಿಂದ ನೆನೆಯುತ್ತವೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಿಮ್ಮ ಮನೆಯ ಉತಾರವನ್ನೇ ತೆಗೆದು ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಗಂಡುಮಗನಷ್ಟೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಅದು ಅನ್ವಯಿಸಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ, ಹನ್ನೊಂದು ವರ್ಷ ತಡವಾಗಿ. 1994ರಲ್ಲಿ ನಮ್ಮ ಹಳ್ಳಿಗಳ ಚಾವಡಿಯಲ್ಲಿ ಗಂಡಸರನ್ನು ಕೂಡಿಸಿ "ಅಕ್ಕತಂಗೇರಿಗೆ ಹೊಲದಾಗ ಪಾಲು ಕೊಡೂಣೇನ್ರಿ?" ಎಂದು ಕೈ ಎತ್ತಿಸಿದ್ದರೆ ಆ ಕಾಯ್ದೆ ಬದುಕುತ್ತಿರಲಿಲ್ಲ. ಇಂದು ಮಗಳ ಹೆಸರು ಉತಾರದಲ್ಲಿದ್ದರೆ ಮನೆತನ ಮುಳುಗಿತು ಎಂದು ಯಾರೂ ಹೇಳುವುದಿಲ್ಲ.

ಈ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಇದೆ. ಮದುವೆ, ದತ್ತಕ, ಉಯಿಲು, ವಾರಸಾ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಅಂದರೆ ಸಂಸತ್ತಿನಂತೆ ರಾಜ್ಯ ವಿಧಾನಮಂಡಲವೂ ಇವುಗಳ ಮೇಲೆ ಕಾಯ್ದೆ ಮಾಡಬಹುದು. ಕೇಂದ್ರದ ಕಾಯ್ದೆಗೆ ತೊಡಕಾದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ತಮಿಳುನಾಡು 1967ರಲ್ಲಿ ಮನ್ನಣೆ ಕೊಟ್ಟದ್ದು ಇದೇ ಬಲದಿಂದ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಕೊಟ್ಟ ರಾಜ್ಯ ನಮ್ಮದು. ಆಸ್ಪತ್ರೆಯ ಸಹಿ ಮತ್ತು ವಾರಸಾ ಹಕ್ಕನ್ನಾದರೂ ಕೊಡುವ ಸಣ್ಣ ಕಾಯ್ದೆಯೊಂದನ್ನು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಚರ್ಚೆಗೆ ತರಬಹುದು. ಅದಕ್ಕೆ ನಮ್ಮ ಶಾಸಕರಿಗೆ ಧೈರ್ಯ ಬೇಕು. ಆ ಧೈರ್ಯ ಮತದಾರರಿಂದ ಬರುತ್ತದೆ.

"ಇದೆಲ್ಲಾ ಬೆಂಗಳೂರು, ಮುಂಬಯಿ ಮಂದಿ ಶೋಕಿ, ನಮ್ಮ ಕಡೆ ಇಲ್ಲ" ಎಂಬ ಮಾತು ನಿಮ್ಮಲ್ಲಿ ಕೆಲವರ ಬಾಯಲ್ಲಿ ಇರಬಹುದು. ಕೇಂದ್ರ ಸರ್ಕಾರವೂ 2023ರಲ್ಲಿ ನ್ಯಾಯಾಲಯಕ್ಕೆ ಇದು ಪಟ್ಟಣದ ಮೇಲ್ವರ್ಗದ ಅಭಿಪ್ರಾಯ ಎಂದೇ ಹೇಳಿತ್ತು. ಆದರೆ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇದು ಸುಳ್ಳೆಂದು ಗೊತ್ತು. ಸೀರೆ ಉಟ್ಟು, ಚೌಡಿಕೆ ಹಿಡಿದು, ಉಧೋ ಉಧೋ ಎನ್ನುವ ಜೋಗಪ್ಪಂದಿರು ನಮ್ಮ ಹಳ್ಳಿಗಳಿಂದಲೇ ಹೋದವರು. ಅದೇ ಜೋಗತಿ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗಪ್ಪಂದಿರ ಬಾಳು ಬೇರೆ, ಸಲಿಂಗ ಸಂಗಾತಿಗಳ ಬಾಳು ಬೇರೆ. ಎರಡನ್ನೂ ಒಂದೇ ಎನ್ನಬಾರದು. ನಾನು ಹೇಳುವುದು ಇಷ್ಟೇ: ಗಂಡು ಹೆಣ್ಣು ಎಂಬ ಎರಡು ಸಾಲಿನಲ್ಲಿ ಸರಿಯಾಗಿ ಕೂಡದವರು ನಮ್ಮ ನೆಲದಲ್ಲಿ ಹಿಂದಿನಿಂದಲೂ ಇದ್ದಾರೆ. ಸಂಡೂರಿನ ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ, ಸಣ್ಣ ಊರಿನ ಕನ್ನಡದ ಹುಡುಗನ ಈ ನೋವು ಕನ್ನಡದಲ್ಲೇ ಕೇಳಿಸಿತು.

ಹಳ್ಳಿಯಲ್ಲಿ ಇವರು ಕಾಣದಿರುವುದಕ್ಕೆ ಕಾರಣ ಅಂಜಿಕೆ. "ಒಂದ್ ಮದಿವಿ ಮಾಡಿಬಿಟ್ರ ಎಲ್ಲಾ ಸರಿ ಆಗ್ತೈತಿ" ಎಂದು ಹಿರಿಯರು ಮದುವೆ ಮಾಡುತ್ತಾರೆ. ಸರಿ ಆಗುವುದಿಲ್ಲ. ಹುಡುಗ ಒಳಗೇ ಬೇಯುತ್ತಾನೆ, ತಾಳಿ ಕಟ್ಟಿಸಿಕೊಂಡ ಹೆಣ್ಣುಮಗಳು ತನ್ನಲ್ಲೇನು ಕೊರತೆ ಎಂದು ಬಾಳೆಲ್ಲ ಕೊರಗುತ್ತಾಳೆ. ಸಲಿಂಗ ಒಲವು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ, ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದನ್ನು ಸ್ಪಷ್ಟಪಡಿಸಿವೆ. ಇದನ್ನು "ಬಿಡಿಸುತ್ತೇನೆ" ಎಂದು ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ನಮ್ಮ ಧರ್ಮಕ್ಕೆ ಇದು ಒಗ್ಗುವುದಿಲ್ಲ ಎನ್ನುವ ಹಿರಿಯರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಾವ ಗುಡಿ, ಯಾವ ಮಠ, ಯಾವ ಮಸೀದಿ ಯಾರ ಮದುವೆ ಮಾಡಿಸಬೇಕು ಎಂಬುದು ಆಯಾ ಧರ್ಮದವರಿಗೆ ಬಿಟ್ಟದ್ದು. ಇಲ್ಲಿ ಕೇಳುತ್ತಿರುವುದು ಸರ್ಕಾರದ ದಫ್ತರದಲ್ಲಿ ಒಂದು ನೋಂದಣಿ. ಅದರಿಂದ ನನ್ನ ಮದುವೆಯ ಒಂದು ಎಳೆಯೂ ಸಡಿಲವಾಗುವುದಿಲ್ಲ, ನಿಮ್ಮದೂ ಆಗುವುದಿಲ್ಲ.

ಮನಸ್ಸು ಬದಲಾಗುವುದು ಮಾತಿನಿಂದ. ಐರ್ಲೆಂಡ್ ಧರ್ಮಶ್ರದ್ಧೆಯ ದೇಶ. 1993ರವರೆಗೆ ಅಲ್ಲಿಯೂ ಗಂಡಸರ ಸಲಿಂಗ ಸಂಬಂಧ ಅಪರಾಧವಾಗಿತ್ತು. 2015ರ ಮೇ 22ರ ಜನಮತಗಣನೆಯಲ್ಲಿ ಶೇಕಡಾ 62ರಷ್ಟು ಜನ ಸಮಾನ ಮದುವೆಗೆ ಒಪ್ಪಿದರು. 43 ಕ್ಷೇತ್ರಗಳ ಪೈಕಿ 42ರಲ್ಲಿ ಒಪ್ಪಿಗೆಯೇ ಗೆದ್ದಿತು, ಒಕ್ಕಲುತನದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಮತದಾನಕ್ಕೆ ಮುಂಚೆ ಅಲ್ಲಿನ ವಿದ್ಯಾರ್ಥಿಗಳು 'ಅಜ್ಜಿಗೆ ಫೋನು ಮಾಡಿ' ಎಂಬ ಪ್ರಚಾರ ನಡೆಸಿದರು. ಮೊಮ್ಮಕ್ಕಳು ಅಜ್ಜಿಯರಿಗೆ ಫೋನು ಹಚ್ಚಿ, ಈ ಕಾಯ್ದೆ ತಮಗೆ ಯಾಕೆ ಬೇಕು ಎಂದು ಹೇಳಿದರು. ಜನಮತಗಣನೆ ನ್ಯಾಯದ ಹಾದಿಯಲ್ಲ ಎಂದು ಆಗ ಹೇಳಿದೆ, ಈಗಲೂ ಹೇಳುತ್ತೇನೆ. ಆದರೆ ಅವರ ಆ ಮಾತುಕತೆ ನಮಗೂ ಬೇಕು. ಅದಕ್ಕೆ ಮತಪೆಟ್ಟಿಗೆಯ ದಾರಿ ಕಾಯಬೇಕಾಗಿಲ್ಲ.

ಕಾಯ್ದೆ ಬರುವ ತನಕ ಇಂಥ ಸಂಗಾತಿಗಳು ಕೆಲವು ಕೆಲಸ ಮಾಡಿಕೊಳ್ಳಬೇಕು. ಸ್ವಂತ ಗಳಿಕೆಯ ಆಸ್ತಿಗೆ ಇಬ್ಬರು ಸಾಕ್ಷಿಗಳ ಮುಂದೆ ಮೃತ್ಯುಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಬ್ಯಾಂಕಿನಲ್ಲಿ ನಾಮಿನಿ ಮಾಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ವಯಸ್ಕರು ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಯಾವ ವಯಸ್ಕರನ್ನಾದರೂ ತಮ್ಮ ಪ್ರತಿನಿಧಿಯಾಗಿ ಹೆಸರಿಸಬಹುದು, ಅದನ್ನೂ ಬರೆದಿಡಿ.

ಉಳಿದ ನಮ್ಮೆಲ್ಲರಿಗೆ ನನ್ನ ಬಿನ್ನಹ ಇದು. ಗೋಕಾಕ, ಮೂಡಲಗಿ, ಹುಕ್ಕೇರಿಯ ಮತದಾರರೇ, ಮುಂದಿನ ಸಲ ಮತ ಕೇಳಲು ಬಂದವರಿಗೆ ನೀರು, ಕರೆಂಟು, ಕಬ್ಬಿನ ಬಿಲ್ಲಿನ ಮಾತಿನ ಜೊತೆಗೆ ಇದನ್ನೂ ಕೇಳಿ: ಕೂಡಿ ಬಾಳುವ ಈ ಜನರಿಗೆ ಆಸ್ಪತ್ರೆಯ ಸಹಿ, ವಾರಸಾ ಹಕ್ಕು ಕೊಡುವ ಕಾಯ್ದೆಗೆ ನೀವು ಕೈ ಎತ್ತುವಿರಾ? ತಾಯಿ ತಂದೆಯರೇ, ನಿಮ್ಮ ಮಗನೋ ಮಗಳೋ ಧೈರ್ಯ ಮಾಡಿ ಮನಸ್ಸು ಬಿಚ್ಚಿದರೆ ಮನೆಯಿಂದ ಹೊರಗೆ ಹಾಕಬೇಡಿ, ಮದುವೆಗೆ ಒತ್ತಾಯಿಸಬೇಡಿ, ಕೂತು ಕೇಳಿ. ಬೇರೆಯವರ ಬಾಳನ್ನು ಬಹುಮತದಿಂದ ಕಸಿದುಕೊಳ್ಳುವುದು ಪ್ರಜಾಪ್ರಭುತ್ವವಲ್ಲ. ಅವರ ಬಾಳನ್ನು ಕಾಯುವುದಕ್ಕೆ ನಮ್ಮ ಮತವನ್ನು ಬಳಸುವುದೇ ಪ್ರಜಾಪ್ರಭುತ್ವ.